ಅರ ಹಿಡಿದವರ ಪಿಸ್ತೂಲು

ಕರ್ನಾಟಕಕ್ಕೆ ರಾಜ್ಯ ಪಕ್ಷಿ ನೀಲಕಂಠ, ರಾಜ್ಯ ಮರ ಶ್ರೀಗಂಧ, ರಾಜ್ಯ ಪ್ರಾಣಿ ಆನೆ. ಅಮೆರಿಕದ ಯೂಟಾ ರಾಜ್ಯಕ್ಕೂ ಇಂಥದೇ ಪಟ್ಟಿ ಇದೆ. ಆದರೆ ಹಕ್ಕಿ, ಹೂವುಗಳ ಜೊತೆ ಅದರಲ್ಲಿ 2011ರಿಂದ ಒಂದು ಪಿಸ್ತೂಲೂ ಸೇರಿಕೊಂಡಿದೆ. ಆ ವರ್ಷಕ್ಕೆ ಸರಿಯಾಗಿ ನೂರು ತುಂಬಿದ ಆ ಪಿಸ್ತೂಲಿನ ಹೆಸರೇ 1911. ಅದನ್ನು ರೂಪಿಸಿದ ಜಾನ್ ಮೋಸೆಸ್ ಬ್ರೌನಿಂಗ್ ಯೂಟಾದ ಆಗ್ಡೆನ್ ಊರಿನವನು, ಬಂದೂಕು ರಿಪೇರಿ ಮಾಡುತ್ತಿದ್ದವನ ಮಗ. ಹಕ್ಕಿ, ಹೂವುಗಳ ಸಾಲಿನಲ್ಲಿ ಆಯುಧ ತಂದು ನಿಲ್ಲಿಸಿದ್ದು ಸರಿಯೇ ಎಂದು ಅಲ್ಲಿಯೂ ಸಾಕಷ್ಟು ಜನ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಬೇರೆ: ನೂರು ವರ್ಷ ದಾಟಿದ ಒಂದು ಯಂತ್ರವನ್ನು ಜನ ಇಂದಿಗೂ ಕೊಂಡು, ಬಿಚ್ಚಿ, ಅರ ಹಿಡಿದು ಉಜ್ಜಿ, ತಮ್ಮ ಕೈಗೆ ಒಗ್ಗಿಸಿಕೊಳ್ಳುತ್ತಲೇ ಇದ್ದಾರಲ್ಲ, ಏಕೆ?

ಕಥೆ ಶುರುವಾಗುವುದು ಫಿಲಿಪೀನ್ಸ್‌ನಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಸೈನಿಕರು ಅಲ್ಲಿನ ದಕ್ಷಿಣ ದ್ವೀಪಗಳ ಮೋರೊ ಹೋರಾಟಗಾರರ ಎದುರು ನಿಂತಿದ್ದರು. ಕೈಯಲ್ಲಿದ್ದದ್ದು .38 ಅಳತೆಯ ರಿವಾಲ್ವರ್. ಗುಂಡು ತಗುಲಿದ ಮೇಲೂ ಕತ್ತಿ ಹಿರಿದು ಮುನ್ನುಗ್ಗುತ್ತಾರೆ, ಈ ರಿವಾಲ್ವರ್ ಸಾಲದು ಎಂಬ ದೂರು ಮೇಲಿಂದ ಮೇಲೆ ಬಂತು. ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದವರು ಅಷ್ಟು ಸುಲಭಕ್ಕೆ ಬೀಳಲಿಲ್ಲ ಎಂಬುದೇ ಸೈನ್ಯದ ತಕರಾರು! 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಚಿಕಾಗೊದ ಕಸಾಯಿಖಾನೆಯ ದನಗಳ ಮೇಲೆ, ಶವಗಳ ಮೇಲೆ ಬೇರೆ ಬೇರೆ ಗುಂಡು ಹಾರಿಸಿ ನೋಡಿದರು. .45ಕ್ಕಿಂತ ಕಡಿಮೆ ಅಳತೆ ಬೇಡ ಎಂದು ವರದಿ ಬರೆದರು. ಪರೀಕ್ಷೆಯ ವಿಧಾನ ಎಷ್ಟು ವೈಜ್ಞಾನಿಕ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಆ ವರದಿಯಿಂದಲೇ ದಪ್ಪ ಗುಂಡಿನ ಪಿಸ್ತೂಲಿಗೆ ದಾರಿಯಾಯಿತು. ಅದರ ಗುಂಡು ಸುಮಾರು 15 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 250 ಮೀಟರ್ ವೇಗದಲ್ಲಿ ಹೋಗುತ್ತದೆ. ಶಬ್ದದ ವೇಗಕ್ಕಿಂತ ನಿಧಾನ.

1911ರ ಮಾರ್ಚ್‌ನಲ್ಲಿ ಕೊನೆಯ ಪರೀಕ್ಷೆ ನಡೆಯಿತು. ಕಣದಲ್ಲಿ ಉಳಿದಿದ್ದವು ಎರಡೇ: ಕೋಲ್ಟ್ ಕಂಪನಿಗಾಗಿ ಬ್ರೌನಿಂಗ್ ಮಾಡಿದ ಪಿಸ್ತೂಲು, ಇನ್ನೊಂದು ಸ್ಯಾವೇಜ್ ಕಂಪನಿಯದು. ಒಂದೊಂದರಿಂದಲೂ ಆರು ಸಾವಿರ ಗುಂಡು. ಕಾದು ಕೈ ಸುಡುವಂತಾದಾಗ ನೀರಿಗೆ ಅದ್ದುವುದು, ಮತ್ತೆ ಹಾರಿಸುವುದು. ಸ್ಯಾವೇಜ್ ಮೂವತ್ತೇಳು ಸಲ ಕೈಕೊಟ್ಟಿತು. ಬ್ರೌನಿಂಗ್‌ನದು ಒಮ್ಮೆಯೂ ಇಲ್ಲ. ಮಾರ್ಚ್ 29ರಂದು ಸೈನ್ಯ ಅದನ್ನು ಒಪ್ಪಿಕೊಂಡಿತು. ಮುಂದೆ 1985ರವರೆಗೆ, ಇಟಲಿಯ ಬೆರೆಟ್ಟಾ ಬರುವ ತನಕ, ಅದೇ ಅಮೆರಿಕದ ಸೈನ್ಯದ ಅಧಿಕೃತ ಪಿಸ್ತೂಲು.

ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದೆ ಹೇಳುವ ಅರದ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ. ಪಿಸ್ತೂಲಿನ ಕೆಳಭಾಗ ಫ್ರೇಮ್. ಕೈಯಲ್ಲಿ ಹಿಡಿಯುವುದು ಅದನ್ನೇ. ಅದರ ಮೇಲೆ ಹಳಿಗಳಲ್ಲಿ ಹಿಂದೆ ಮುಂದೆ ಜಾರುವ ಉಕ್ಕಿನ ಮುಚ್ಚಳ ಸ್ಲೈಡ್. ಸ್ಲೈಡಿನ ಒಳಗೆ ಐದು ಇಂಚಿನ ನಳಿಗೆ. ನಳಿಗೆಯ ಬೆನ್ನ ಮೇಲಿನ ಏಣುಗಳು ಸ್ಲೈಡಿನ ಒಳಗಿನ ಕಚ್ಚುಗಳಲ್ಲಿ ಕೂತಿರುತ್ತವೆ. ಗುಂಡು ಹಾರಿದಾಗ ಎರಡೂ ಒಟ್ಟಿಗೆ ಸ್ವಲ್ಪವೇ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ನಳಿಗೆ ಬಿಟ್ಟು ಹೋಗಿರುತ್ತದೆ. ಆಗ ನಳಿಗೆಯ ಬುಡದಲ್ಲಿರುವ ಪುಟ್ಟ ಕೊಂಡಿಯೊಂದು ವಾಲಿ ನಳಿಗೆಯನ್ನು ಕೆಳಗೆಳೆಯುತ್ತದೆ. ಕಚ್ಚು ಬಿಡುತ್ತದೆ. ಸ್ಲೈಡ್ ಒಂಟಿಯಾಗಿ ಹಿಂದೆ ಹೋಗಿ, ಖಾಲಿ ತೋಟಾ ಎಳೆದು ಹೊರಗೆಸೆದು, ತೋಟಾ ಸಿಡಿಸಲು ಬಡಿಯುವ ಹ್ಯಾಮರನ್ನು ಹಿಂದಕ್ಕೆ ಮಡಿಸಿ, ಸ್ಪ್ರಿಂಗಿನ ಒತ್ತಡಕ್ಕೆ ಮತ್ತೆ ಮುಂದೆ ಬರುವಾಗ ಮ್ಯಾಗಜಿನ್ನಿನಿಂದ ಹೊಸ ತೋಟಾ ತಳ್ಳಿಕೊಂಡು ಬರುತ್ತದೆ. ಓದುವುದಕ್ಕೆ ಹಿಡಿದಷ್ಟು ಹೊತ್ತು ಅದಕ್ಕೆ ಹಿಡಿಯುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಇನ್ನೊಂದಕ್ಕೆ ಬಿಟ್ಟು ಮತ್ತೆ ಒತ್ತಬೇಕು. ಸೆಮಿ ಆಟೊಮ್ಯಾಟಿಕ್ ಅಂದರೆ ಅಷ್ಟೇ. ನಳಿಗೆ ವಾಲುವ ಈ ಉಪಾಯವನ್ನು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿನ ಬಹುತೇಕ ದೊಡ್ಡ ಪಿಸ್ತೂಲುಗಳು ಬಳಸುತ್ತಿವೆ.

ಹೆಬ್ಬೆರಳಿಗೆ ಸಿಗುವ ಸೇಫ್ಟಿ ಕಡ್ಡಿ ಇದರಲ್ಲಿ ಮೊದಲು ಇರಲಿಲ್ಲ. ಅದನ್ನು ಕೇಳಿ ಹಾಕಿಸಿಕೊಂಡದ್ದು ಅಶ್ವದಳ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಪಿಸ್ತೂಲು. ಕುದುರೆ ಬೆದರಿದರೆ ಒಂದೇ ಬೆರಳಲ್ಲಿ ಪಿಸ್ತೂಲನ್ನು ಸುಮ್ಮನಾಗಿಸಬೇಕು. ಇದಲ್ಲದೆ ಹಿಡಿಯ ಹಿಂಬದಿಯಲ್ಲಿ ಇನ್ನೊಂದು ಪಟ್ಟಿ ಇದೆ. ಅಂಗೈ ಅದನ್ನು ಸರಿಯಾಗಿ ಅದುಮದಿದ್ದರೆ ಟ್ರಿಗರ್ ಅಲುಗುವುದಿಲ್ಲ. ಕುದುರೆ ಹೋಯಿತು, ಕಡ್ಡಿ ಉಳಿಯಿತು.

ಸೈನ್ಯದ ಮುಖ್ಯ ಷರತ್ತುಗಳಲ್ಲಿ ಒಂದು, ಒಂದರ ಭಾಗ ಇನ್ನೊಂದಕ್ಕೆ ಹೊಂದಬೇಕು ಎಂಬುದು. ಯುದ್ಧಭೂಮಿಯಲ್ಲಿ ಅರ ಹಿಡಿದು ಕೂರಲು ಯಾರಿಗೆ ಪುರುಸೊತ್ತು? ಹಾಗಾಗಿ ಭಾಗಗಳ ನಡುವೆ ಸಡಿಲ ಬಿಟ್ಟೇ ಮಾಡುತ್ತಿದ್ದರು. ಹಳೆಯ ಸೈನ್ಯದ 1911 ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಯಾರು ಬೇಕಾದರೂ ಮಾಡಬಹುದಾದ ವಸ್ತುವಾಗಿತ್ತು ಅದು. ನಮ್ಮ ಕೋರ್ಟು ಕಚೇರಿಗಳಲ್ಲಿ ದಶಕಗಟ್ಟಲೆ ಟಕಟಕ ಎಂದ ಟೈಪ್‌ರೈಟರುಗಳ ಹೆಸರಿನ ರೆಮಿಂಗ್ಟನ್ ರ್‍ಯಾಂಡ್ ಕಂಪನಿ ಎಲ್ಲರಿಗಿಂತ ಹೆಚ್ಚು ಪಿಸ್ತೂಲು ಮಾಡಿಕೊಟ್ಟಿತು. ರೈಲ್ವೆ ಸಿಗ್ನಲ್ ತಯಾರಿಸುವ ಕಂಪನಿಯೊಂದು ಮಾಡಿತು. ಹೊಲಿಗೆ ಯಂತ್ರದ ಸಿಂಗರ್ ಕೂಡ ಮಾಡಿತು, ಆದರೆ ಐನೂರೇ ಐನೂರು. ಸಿಂಗರ್‌ನವರ ಕೈಚಳಕ ನೋಡಿ ಸರ್ಕಾರ ಅವರಿಗೆ ಇನ್ನೂ ನಾಜೂಕಿನ ಸಲಕರಣೆಗಳ ಕೆಲಸ ಒಪ್ಪಿಸಿತು. ಆ ಐನೂರರಲ್ಲಿ ಕೆಲವು ಹರಾಜಿನಲ್ಲಿ ಲಕ್ಷ ಡಾಲರ್ ಮೀರಿದ್ದೂ ಇದೆ.

ಸಡಿಲ ಬಿಟ್ಟ ಯಂತ್ರವನ್ನು ಬಿಗಿಗೊಳಿಸುವ ಆಸೆ ಯಾರಿಗಾದರೂ ಬರುತ್ತದೆ. ಮೊದಲು ಬಂದದ್ದು ಗುರಿ ಸ್ಪರ್ಧೆಗಳಿಗೆ ಹೋಗುತ್ತಿದ್ದ ಸೈನಿಕರಿಗೆ. ಸ್ಲೈಡ್ ಕೂರುವ ಹಳಿಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಗಿ ಮಾಡುವುದು, ನಳಿಗೆಯ ತುದಿಯನ್ನು ಹಿಡಿಯುವ ಬಳೆಯನ್ನು ಅಳತೆಗೆ ಕೂರಿಸುವುದು, ಟ್ರಿಗರನ್ನು ನಯಗೊಳಿಸುವುದು; ಸೈನ್ಯದ ಕಾರ್ಯಾಗಾರಗಳಲ್ಲೇ ಈ ವಿದ್ಯೆ ಬೆಳೆಯಿತು. ಆಮೇಲೆ ಲೂಸಿಯಾನಾದ ಜಿಮ್ ಕ್ಲಾರ್ಕ್, ಕ್ಯಾಲಿಫೋರ್ನಿಯಾದ ಅರ್ಮಂಡ್ ಸ್ವೆನ್ಸನ್‌ರಂಥ ಕಸುಬುದಾರರು ಬಂದರು. ಎಡಗೈಯವರಿಗೂ ಸಿಗುವಂತೆ ಎರಡೂ ಬದಿಗೆ ಸೇಫ್ಟಿ ಕಡ್ಡಿ ಇಟ್ಟು ಹೆಸರಾದವನು ಸ್ವೆನ್ಸನ್. 1970ರ ದಶಕದಲ್ಲಿ ಬಿಲ್ ವಿಲ್ಸನ್, ಎಡ್ ಬ್ರೌನ್ ಮುಂತಾದವರು ಈ ಕೆಲಸವನ್ನು ಉದ್ಯಮ ಮಾಡಿದರು. ಮಾಜಿ ಮರೀನ್ ಸೈನಿಕ ಜೆಫ್ ಕೂಪರ್ ಇವರಿಗೆಲ್ಲ ಒಂದು ಬಗೆಯ ಗುರು. 1976ರಲ್ಲಿ ಅರಿಜೋನಾದಲ್ಲಿ ತರಬೇತಿ ಶಾಲೆ ತೆರೆದ ಆತ, ಪಿಸ್ತೂಲಿಗೆ ಕಣ್ಣಿಗೆ ಕಾಣುವಂಥ ಗುರಿಮುಳ್ಳು, ಹದವಾದ ಟ್ರಿಗರ್, ಕೈ ಕೊಯ್ಯದ ಅಂಚು ಇದ್ದರೆ ಸಾಕು ಎನ್ನುತ್ತಿದ್ದ. ಇದು ನನಗೂ ಸರಿ ಅನ್ನಿಸುತ್ತದೆ. ಅದಕ್ಕೆ ಮೇಲೆ ಮಾಡಿಸುವ ಬಹುಪಾಲು ಕೆಲಸ ಒಡವೆ.

ಮೂಲ ಪಿಸ್ತೂಲಿಗೆ ಒಂದು ಕೆಟ್ಟ ಚಾಳಿ ಇತ್ತು. ಸ್ಲೈಡ್ ಹಿಂದೆ ಬಂದಾಗ ಹ್ಯಾಮರ್ ಕೆಳಗೆ ಮಡಿಯುತ್ತದಲ್ಲ, ಆಗ ಅದು ಹೆಬ್ಬೆರಳು ತೋರುಬೆರಳ ನಡುವಿನ ಮೆತ್ತನೆಯ ಚರ್ಮವನ್ನು ಚಿವುಟುತ್ತದೆ. ದಪ್ಪ ಕೈಯವರಿಗೆ ರಕ್ತವೇ ಬರುತ್ತದೆ. 1920ರ ದಶಕದ ತಿದ್ದುಪಡಿಯಲ್ಲಿ ಸೈನ್ಯ ಹ್ಯಾಮರಿನ ಬಾಲ ಚಿಕ್ಕದು ಮಾಡಿ, ಹಿಂಬದಿಯ ಪಟ್ಟಿಯ ಮೂಗನ್ನು ಉದ್ದ ಮಾಡಿತು. ಟ್ರಿಗರ್ ಹಿಂದಕ್ಕೆ ಸರಿಯಿತು, ಬೆರಳಿಗೆ ಜಾಗವಾಗಲೆಂದು ಫ್ರೇಮನ್ನು ಎರಡೂ ಬದಿಗೆ ಕೆತ್ತಿದರು. ಈ ರೂಪಕ್ಕೆ 1911ಎ1 ಎಂದು ಹೆಸರು. ಆದರೂ ಕೆಲವರಿಗೆ ಚಿವುಟು ತಪ್ಪಲಿಲ್ಲ. ಅದಕ್ಕೆ ಕಸುಬುದಾರರು ಕಂಡುಕೊಂಡ ಉತ್ತರ, ನೀರುನಾಯಿಯಂಥ ಬೀವರ್ ಪ್ರಾಣಿಯ ಬಾಲದ ಹಾಗೆ ಅಗಲವಾಗಿ ಮೇಲಕ್ಕೆ ಬಾಗಿದ ಪಟ್ಟಿ. ಅಮೆರಿಕದಲ್ಲಿ ಅದರ ಹೆಸರೇ ಬೀವರ್‌ಟೇಲ್.

ಆ ಪಟ್ಟಿಯನ್ನು ಕೂರಿಸುವ ಕೆಲಸ ನೋಡಿದರೆ ಈ ಹುಚ್ಚು ಏನೆಂದು ಅರ್ಥವಾಗುತ್ತದೆ. ಹೊಸ ಪಟ್ಟಿ ಬೇಕೆಂದೇ ದೊಡ್ಡದಾಗಿ ಬಂದಿರುತ್ತದೆ. ಫ್ರೇಮಿನ ಹಿಂಬದಿಯ ಎರಡು ಚೂಪು ಕಿವಿಗಳನ್ನು ದುಂಡಗೆ ಕಡಿಯಬೇಕು. ಅದಕ್ಕೆಂದೇ ಸಿಗುವ ಗಟ್ಟಿ ಉಕ್ಕಿನ ಎರಡು ಗುಂಡಿಗಳನ್ನು ಆಚೀಚೆ ಬಿಗಿದು, ಅರ ಗುಂಡಿಗೆ ತಾಗುವ ತನಕ ಉಜ್ಜುವುದು. ಆಮೇಲೆ ಪಟ್ಟಿಗೆ ನೀಲಿ ಮಸಿ ಬಳಿದು, ಕೂರಿಸಿ, ಎಲ್ಲಿ ಮಸಿ ಅಳಿಸಿತೋ ಅಲ್ಲಿ ಮಾತ್ರ ಎರಡೆಳೆ ಉಜ್ಜಿ, ಮತ್ತೆ ಮಸಿ ಬಳಿದು, ಮತ್ತೆ ಕೂರಿಸಿ ನೋಡುವುದು. ಕೊನೆಗೆ ಕಣ್ಣು ಮುಚ್ಚಿ ಉಗುರನ್ನು ಫ್ರೇಮಿನಿಂದ ಪಟ್ಟಿಗೆ ಎಳೆದರೆ ಎಲ್ಲಿಯೂ ತಡೆಯಬಾರದು. ಹಿಡಿಯ ಮುಂಬದಿಗೆ ಚೌಕುಳಿ ಗೆರೆ ಕೊರೆಯುವುದು ಇನ್ನೂ ಕಷ್ಟದ್ದು. ಇಂಚಿಗೆ ಮೂವತ್ತು ಗೆರೆ, ಅದೂ ಬಾಗಿದ ಉಕ್ಕಿನ ಮೇಲೆ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಎರಡೂ ಸೇರಿದಲ್ಲಿ ಸಾಸಿವೆಗಿಂತ ಚಿಕ್ಕ ಮೊನೆಗಳು ಏಳುತ್ತವೆ. ನೂರನೇ ಮೊನೆಯ ಹತ್ತಿರ ಅರ ಜಾರಿದರೆ ತೊಂಬತ್ತೊಂಬತ್ತರ ಕೆಲಸವೂ ಹೋದಂತೆ, ಏಕೆಂದರೆ ಕಡಿದ ಉಕ್ಕನ್ನು ಮತ್ತೆ ಅಂಟಿಸಲಾಗದು. ಈಗ ಇದನ್ನು ಕಂಪ್ಯೂಟರ್ ಯಂತ್ರಗಳೂ ಮಾಡುತ್ತವೆ. ಕೈಯಲ್ಲೇ ಕೊರೆದದ್ದು ಬೇಕು ಎಂದು ತಿಂಗಳುಗಟ್ಟಲೆ ಕಾಯುವವರೂ ಇದ್ದಾರೆ.

ಟ್ರಿಗರಿನ ವಿಷಯ ಬೇರೆ. ಅಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಮಡಿಸಿದ ಹ್ಯಾಮರನ್ನು ತಡೆದು ಹಿಡಿದಿರುವುದು ಅರ್ಧ ಮಿಲಿಮೀಟರಿನಷ್ಟು ಅಂಚು ಮಾತ್ರ. ಆ ಅಂಚನ್ನು ಹೆಚ್ಚು ನಯ ಮಾಡಲು ಹೋಗಿ ಕೋನ ಕೆಡಿಸಿದರೆ, ಒಮ್ಮೆ ಒತ್ತಿದಾಗ ಎರಡು ಮೂರು ಗುಂಡು ಹಾರಬಹುದು, ಅಥವಾ ಸ್ಲೈಡ್ ಮುಚ್ಚಿಕೊಂಡ ಪೆಟ್ಟಿಗೇ ಹಾರಬಹುದು. ಟ್ರಿಗರ್ ಎಷ್ಟು ಹಗುರವಾದರೆ ಅಷ್ಟು ಒಳ್ಳೆಯದು ಎಂಬ ಭ್ರಮೆ ಹೊಸಬರಿಗೆ ಬರುತ್ತದೆ. ಬಲ್ಲವರು ಸುಮಾರು ನಾಲ್ಕು ಪೌಂಡು, ಅಂದರೆ 1.8 ಕಿಲೋ ಒತ್ತಡದ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಮನೆಯಲ್ಲಿ ಕೂತು ಈ ಕೆಲಸಕ್ಕೆ ಕೈ ಹಾಕುವವರನ್ನು ಅಮೆರಿಕದ ಕಸುಬುದಾರರೇ ಬೈಯುತ್ತಾರೆ.

ಇಷ್ಟೆಲ್ಲ ಅಲ್ಲಿ ನಡೆಯುವುದಕ್ಕೆ ಕಾನೂನಿನ ಒಂದು ವಿಚಿತ್ರ ಕಾರಣವಿದೆ. ಅಮೆರಿಕದ ಕೇಂದ್ರ ಕಾನೂನಿನ ಕಣ್ಣಲ್ಲಿ ಪಿಸ್ತೂಲು ಅಂದರೆ ನಂಬರು ಕೆತ್ತಿದ ಫ್ರೇಮ್ ಮಾತ್ರ. ಅದನ್ನು ಅಂಗಡಿಯಲ್ಲಿ ಕೊಳ್ಳಲು 21 ವರ್ಷ ತುಂಬಿರಬೇಕು, ಅರ್ಜಿ ತುಂಬಬೇಕು, ಪೊಲೀಸ್ ದಾಖಲೆಗಳ ತಪಾಸಣೆ ದಾಟಬೇಕು. ನಳಿಗೆ, ಸ್ಲೈಡ್, ಹ್ಯಾಮರ್, ಟ್ರಿಗರ್ ಎಲ್ಲ ಬಿಡಿಭಾಗ. ಬಹುತೇಕ ಕಡೆ ಅಂಚೆಯಲ್ಲೇ ಮನೆಗೆ ಬರುತ್ತವೆ. ಬ್ರೌನಿಂಗ್‌ನ ಪೇಟೆಂಟ್ ಮುಗಿದು ಎಷ್ಟೋ ದಶಕವಾಗಿರುವುದರಿಂದ ಯಾರು ಬೇಕಾದರೂ ಮಾಡಿ ಮಾರಬಹುದು. ಹೀಗೆ ಮಾಡಿ ಮಾರುವವರಲ್ಲಿ ದೊಡ್ಡವರು ಯಾರು ಗೊತ್ತೆ? ಫಿಲಿಪೀನ್ಸ್‌ನ ಮರಿಕಿನಾ ಊರಿನ ಆರ್ಮ್‌ಸ್ಕೋರ್ ಕಂಪನಿ. ಯಾವ ದೇಶದವರ ಎದುರು ನಿಲ್ಲಲೆಂದು ಈ ಆಯುಧ ಹುಟ್ಟಿತೋ, ಆ ದೇಶವೇ ಇಂದು ಅದನ್ನು ಅಮೆರಿಕದವರಿಗೆ ಸುಮಾರು 500 ಡಾಲರಿಗೆ ಮಾಡಿ ಕೊಡುತ್ತಿದೆ. ಹೆಸರಾಂತ ಕಸುಬುದಾರರ ಕೈಯಿಂದ ಬಂದದ್ದಾದರೆ 4,000 ಡಾಲರ್ ದಾಟುತ್ತದೆ.

ಕೆಲಸ ಹೆಚ್ಚಿದಷ್ಟೂ ಬೆಲೆ ಎಂಬ ನಿಯಮ ಹಳೆಯ ಸೈನ್ಯದ ಪಿಸ್ತೂಲಿಗೆ ಮಾತ್ರ ಪೂರ್ತಿ ಉಲ್ಟಾ. 1960ರ ದಶಕದಲ್ಲಿ ಸೈನ್ಯ ಬಿಟ್ಟುಕೊಟ್ಟ ಪಿಸ್ತೂಲುಗಳು ಇಪ್ಪತ್ತು ಡಾಲರಿಗೂ ಕಡಿಮೆಗೆ ಸಿಗುತ್ತಿದ್ದವು. ಅಗ್ಗಕ್ಕೆ ಸಿಕ್ಕಿದ್ದಕ್ಕೆ ಮರ್ಯಾದೆ ಇಲ್ಲ ನೋಡಿ. ಜನ ಕಡಿದರು, ಕೊರೆದರು, ಮಿರಿಮಿರಿ ಕ್ರೋಮ್ ಹಾಕಿಸಿದರು. 2018ರಲ್ಲಿ ಸರ್ಕಾರ ಉಳಿದದ್ದನ್ನು ನಾಗರಿಕ ಗುರಿಕಾರರ ಸಂಸ್ಥೆಯ ಮೂಲಕ ಮಾರಲು ಶುರುಮಾಡಿದಾಗ ಬೆಲೆ 850 ಡಾಲರಿನಿಂದ ಆರಂಭ, ಅದಕ್ಕೂ ಲಾಟರಿ. ಸಂಗ್ರಹಕಾರರಿಗೆ ಬೇಕಾದದ್ದು ಬೂದು ಹಸಿರಿನ ಆ ಮೂಲ ಲೇಪ, ತಪಾಸಣೆಗಾರನ ಮುದ್ರೆ, ಸೈನಿಕನ ಬೆಲ್ಟಿಗೆ ಉಜ್ಜಿ ಸವೆದ ಅಂಚು. ಹೊಳಪು ಹಾಕಿಸಿದಿರೋ, ಬೆಲೆ ಪಾತಾಳಕ್ಕೆ. ಮೈಸೂರಿನ ಜಾವಾ ಮೋಟರ್‌ಸೈಕಲ್ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ಯಾಕ್ಟರಿಯ ಬಣ್ಣ ಮಾಸಿದ್ದರೂ ಸರಿ, ಗ್ಯಾರೇಜಿನ ಹೊಸ ಬಣ್ಣ ಬೇಡ.

ಆಯುಧವಾಗಿ ನೋಡಿದರೆ 1911ರ ಕಾಲ ಮುಗಿದಿದೆ ಎಂಬುದು ನನ್ನ ಅಭಿಪ್ರಾಯ. ಏಳು ಗುಂಡಿನ ಮ್ಯಾಗಜಿನ್, ಒಂದು ಕಿಲೋ ಮೀರಿದ ಉಕ್ಕು, ಆಗಾಗ ಎಣ್ಣೆ, ಆರೈಕೆ. 1980ರ ದಶಕದಲ್ಲಿ ಬಂದ ಆಸ್ಟ್ರಿಯಾದ ಗ್ಲಾಕ್ ಪ್ಲಾಸ್ಟಿಕ್ ಮೈಯದು, ಹಗುರ, ಹದಿನೇಳು ಗುಂಡು. ಆದರೂ ಅಮೆರಿಕದ ಮರೀನ್ ಸೈನಿಕರ ವಿಶೇಷ ಪಡೆಗಳು 1985ರ ನಂತರವೂ ಗೋದಾಮಿನಲ್ಲಿದ್ದ 1945ರ ಹಿಂದಿನ ಫ್ರೇಮುಗಳನ್ನು ಆರಿಸಿ ತೆಗೆದು, ಕ್ವಾಂಟಿಕೊದ ಕಾರ್ಯಾಗಾರದಲ್ಲಿ ಒಂದೊಂದನ್ನೂ ಕೈಯಲ್ಲಿ ಕಟ್ಟಿಸಿಕೊಂಡವು. 2012ರಲ್ಲಿ ಮತ್ತೆ ಕೋಲ್ಟ್ ಕಂಪನಿಗೇ ಹೊಸದಕ್ಕೆ ಆರ್ಡರ್ ಕೊಟ್ಟವು. ಅದರ ಒಂದು ಸೆಳೆತ ನೇರ ಹಿಂದಕ್ಕೆ ಸರಿಯುವ ಟ್ರಿಗರ್. ಅಷ್ಟು ಚೊಕ್ಕವಾದದ್ದು ಇನ್ನೊಂದು ಬಂದಿಲ್ಲ ಎಂದು ಗ್ಲಾಕ್ ಇಟ್ಟುಕೊಂಡವರೂ ಒಪ್ಪುತ್ತಾರೆ.

ಅಮೆರಿಕದಲ್ಲಿರುವ ನಮ್ಮ ಹುಡುಗರಿಗೆ ಒಂದು ಮಾತು. ಟೆಕ್ಸಾಸಿಗೆ ಬಂದ ಮೇಲೆ ಗನ್ ಕೊಳ್ಳದಿದ್ದರೆ ಹೇಗೆ ಎಂಬ ಹುರುಪು ಸಹಜ. ಆದರೆ ಎಚ್1ಬಿ ಥರದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು, ಅಧಿಕೃತ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಗ್ರೀನ್ ಕಾರ್ಡ್ ಬಂದವರಿಗೆ ಆ ತಡೆ ಇಲ್ಲ. ಗೆಳೆಯನ ಪಿಸ್ತೂಲನ್ನು ನಾಲ್ಕು ದಿನ ಮನೆಯಲ್ಲಿ ಇಟ್ಟುಕೊಂಡೆ ಎಂಬ ಸಬೂಬು ವೀಸಾ ಉಳಿಸುವುದಿಲ್ಲ.

ನಮ್ಮ ಕಡೆ ಬ್ರೌನಿಂಗ್ ಇನ್ನೊಂದು ದಾರಿಯಲ್ಲಿ ಬಂದ. 1926ರಲ್ಲಿ ಬೆಲ್ಜಿಯಂನ ಲೀಜ್ ಊರಲ್ಲಿ, ಮಗನ ಕಾರ್ಯಾಗಾರದಲ್ಲಿ ಕೆಲಸ ಮಾಡುತ್ತಿದ್ದಾಗಲೇ ಆತ ತೀರಿಕೊಂಡ. ಆಗ ಅರ್ಧಕ್ಕೆ ನಿಂತಿದ್ದ ಪಿಸ್ತೂಲನ್ನು ದ್ಯುದೊನೆ ಸೈವ್ ಎಂಬ ವಿನ್ಯಾಸಕಾರ ಮುಗಿಸಿ 1935ರಲ್ಲಿ ಹೈ ಪವರ್ ಹೆಸರಲ್ಲಿ ಹೊರತಂದ. ಅದೇ ಪಿಸ್ತೂಲು ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ 9 ಎಂಎಂ 1ಎ ಆಗಿ ಹುಟ್ಟಿ, ದಶಕಗಳಿಂದ ನಮ್ಮ ಸೈನಿಕರ, ಪೊಲೀಸರ ಸೊಂಟದಲ್ಲಿದೆ. ನಾಗರಿಕರಿಗೆ ಅದು ಸಿಗದು. 1980ರ ದಶಕದಲ್ಲಿ ವಿದೇಶಿ ಪಿಸ್ತೂಲುಗಳ ಆಮದಿಗೆ ತಡೆ ಬಿದ್ದ ಮೇಲೆ, ಅದಕ್ಕೂ ಮೊದಲು ಬಂದ ಹಳೆಯವೇ ಲೈಸೆನ್ಸ್‌ದಾರರ ನಡುವೆ ಕೈ ಬದಲಾಯಿಸುತ್ತ ಲಕ್ಷಗಟ್ಟಲೆ ಬೆಲೆಗೆ ಹೋಗುತ್ತಿವೆ. 2019ರ ತಿದ್ದುಪಡಿಯಾದ ಮೇಲೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಗುರಿಕಾರ ಕ್ರೀಡಾಪಟುಗಳಂಥ ಕೆಲವರಿಗೆ ಬೇರೆ ಲೆಕ್ಕ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಹೂವು ಮುಡಿಸಿ ಪೂಜಿಸುವ ಕೋವಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಇದೆ; 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ, ಅರ ಹಿಡಿಯುವುದಕ್ಕಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ನು ಬಂದೂಕು ತಯಾರಿಸುವುದು, ಮಾರುವುದು ಮಾತ್ರವಲ್ಲ, ರಿಪೇರಿ ಮಾಡುವುದು, ಮಾರ್ಪಡಿಸುವುದು ಇವೆಲ್ಲಕ್ಕೂ ಪ್ರತ್ಯೇಕ ಲೈಸೆನ್ಸ್ ಕೇಳುತ್ತದೆ. ಅಮೆರಿಕದಲ್ಲಿ ಗ್ಯಾರೇಜಿನ ಹವ್ಯಾಸವಾದದ್ದು ಇಲ್ಲಿ ಜೈಲಿನ ದಾರಿ.

ಎಸ್ಟೇಟಿನ ಹಳೆಯ ಬಂಗಲೆಗಳಲ್ಲಿ, ನಿವೃತ್ತ ಸೈನಿಕರ ಮನೆಗಳಲ್ಲಿ ತಾತನ ಕಾಲದ ಪಿಸ್ತೂಲು ಬೀರುವಿನಲ್ಲಿ ಸಿಕ್ಕಿತು ಎಂಬ ಸುದ್ದಿ ಆಗಾಗ ಬರುತ್ತದೆ. ನಿಮಗೂ ಸಿಕ್ಕರೆ ಬೆರಳನ್ನು ಟ್ರಿಗರಿನ ಹತ್ತಿರ ಒಯ್ಯಬೇಡಿ, ಖಾಲಿ ಇದೆ ಎಂದು ನಂಬಬೇಡಿ, ತುಕ್ಕು ತೆಗೆಯಲು ಉಪ್ಪುಕಾಗದ ಹಿಡಿಯಬೇಡಿ, ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಲೈಸೆನ್ಸ್‌ದಾರ ತೀರಿಕೊಂಡ ಮೇಲೆ ಆಯುಧವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ತಡಮಾಡದೆ ಜಮಾ ಮಾಡಿ ರಸೀದಿ ಪಡೆಯಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಲು ಅವಕಾಶವಿದೆ. ಹಳೆಯ ಲೈಸೆನ್ಸ್ ಪುಸ್ತಕ ಮತ್ತು ಮರಣ ಪ್ರಮಾಣಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.